ಹುಳಿ ಮಣ್ಣಿನ ಕೂಸು

ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ನಮ್ಮ ಮಾವು, ಸಪೋಟಗಳೆಲ್ಲ ಉಂಡು ಬೆಳೆದ ಈ ಊಟ ಬ್ಲೂಬೆರಿ ಸಸಿಗೆ ಒಗ್ಗುವುದಿಲ್ಲ. ಅದಕ್ಕೆ ಹುಳಿ ಮಣ್ಣೇ ಬೇಕೆಂದು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲೇ ತಮ್ಮ ಪ್ರಯೋಗಗಳನ್ನು ಪ್ರಕಟಿಸಿ ತೋರಿಸಿದ್ದರು. ರಸಸಾರ 4.5ರಿಂದ 5.5ರ ಒಳಗಿದ್ದರೆ ಕ್ಷೇಮ. ಬಹಳ ಮೇಲೇರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದು. ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರು ಉಳಿಯುತ್ತವೆ. ಸಾಲದ್ದಕ್ಕೆ ಈ ಗಿಡಕ್ಕೆ ಬೇರುರೋಮಗಳೂ ಇಲ್ಲ. ಕೂದಲೆಳೆಯಂಥ ಬೇರು ಗಟ್ಟಿ ಮಣ್ಣನ್ನು ಸೀಳಲಾರದು, ನೀರು ನಿಂತರೆ ಕೊಳೆಯುತ್ತದೆ.

ತಿಪಟೂರಿನ ಕಡೆಯ ನನ್ನ ಹಳೆಯ ಶಿಷ್ಯನೊಬ್ಬ ಸಾಲ ಮಾಡಿ ನಲವತ್ತು ಸಸಿ ತಂದಿದ್ದಾನೆ. ಹೆಚ್ಚು ಚಳಿ ಬೇಡದ ತಳಿ. "ಮೇಷ್ಟ್ರೇ, ಪೀಟ್ ತರಿಸಲಾ?" ಎಂದು ಕೇಳಿದ. ಪೀಟ್ ಎಂದರೆ ಶೀತದೇಶಗಳ ಜೌಗಿನಲ್ಲಿ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಕೂಡಿಬಂದ ಪಾಚಿಯ ಪದರ. ಹುಳಿಯೂ ಹೌದು, ಹಗುರವೂ ಹೌದು. ಆದರೆ ಹಡಗಿನಲ್ಲಿ ಬರಬೇಕು.

"ಅಲ್ಲ ಕಣೋ, ನಾರಿನ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿದೆಯಲ್ಲ, ಅದನ್ನು ನೋಡಿಲ್ಲವೇ?" ಎಂದೆ. ನಮ್ಮ ದೇಶದ ತೆಂಗಿನ ನಾರಿನ ಪುಡಿ ಇಟ್ಟಿಗೆಯ ರೂಪದಲ್ಲಿ ಪರದೇಶದ ಬ್ಲೂಬೆರಿ ಕುಂಡಗಳಿಗೇ ಹೋಗುತ್ತದೆ!

ಹಾಗೆಂದು ಗುಡ್ಡೆಯಿಂದ ತಂದು ನೇರ ಸುರಿಯುವಂತಿಲ್ಲ. ಅದರಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪುಗಳು ಹೇರಳ. ಈ ಗಿಡಕ್ಕೆ ಉಪ್ಪು ಆಗದು. ಒಳ್ಳೆಯ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆಯಬೇಕು. ಗಾಳಿಯಾಡಲು ಒಂದಿಷ್ಟು ಭತ್ತದ ಹೊಟ್ಟು ಬೆರೆಸಿದೆವು. ಗೊಬ್ಬರವೆಂದರೆ ಅಮೋನಿಯಂ ಸಲ್ಫೇಟ್, ಅದೂ ಚಿಟಿಕೆಯಷ್ಟು. ಕೊಟ್ಟಿಗೆ ಗೊಬ್ಬರ ಹಾಕಲಿಲ್ಲವೆಂದು ಅವನ ತಂದೆಗೆ ನನ್ನ ಮೇಲೆ ಇನ್ನೂ ಅಸಮಾಧಾನವಿದೆ.

ಕುಂಡದಲ್ಲಿ ಏನು ತುಂಬಿದೆವು ಎಂಬುದಕ್ಕಿಂತ ದಿನಾ ಏನು ಹುಯ್ಯುತ್ತೇವೆ ಎಂಬುದೇ ದೊಡ್ಡ ಪ್ರಶ್ನೆ. ಅವನ ಬೋರ್‌ವೆಲ್ ನೀರಿನ ರಸಸಾರ 7.8. ಅದರಲ್ಲಿರುವ ಬೈಕಾರ್ಬೊನೇಟ್ ದಿನದಿನವೂ ಹುಳಿಯನ್ನು ಮುರಿಯುತ್ತದೆ. ರಸಸಾರ 5.5ರಿಂದ 6.5ಕ್ಕೆ ಏರಿತೆಂದರೆ ಒಂದಂಶವಷ್ಟೇ ಅಲ್ಲವೇ ಎನ್ನಬೇಡಿ, ಹುಳಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಅದಕ್ಕೇ ಸೂರಿನ ಮಳೆನೀರನ್ನು ಡ್ರಮ್ಮುಗಳಲ್ಲಿ ಹಿಡಿದಿದ್ದಾನೆ. ಅದು ಮುಗಿದಾಗ ಬೋರ್ ನೀರಿಗೆ ಸಿಟ್ರಿಕ್ ಆಮ್ಲ ಬೆರೆಸಿ, ಅಳೆದು ಹಾಕುತ್ತಾನೆ.

ಚಿಗುರು ಹಸಿರಾಗಿಯೇ ಬರುತ್ತಿದೆ. ಮೊದಲ ವರ್ಷ ಹೂ ಬಿಟ್ಟರೆ ಚಿವುಟಿ ಹಾಕಬೇಕೆಂದು ಹೇಳಿದ್ದೇನೆ. ಸಾಲದ ಕಂತು ಎಣಿಸುತ್ತಿರುವ ಹುಡುಗನಿಗೆ ಅದೊಂದು ಮಾತು ಮಾತ್ರ ಗಂಟಲಲ್ಲಿ ಇಳಿದಿಲ್ಲ.