ಗೋಪನಕೊಪ್ಪದ ಅಟ್ಟದಲ್ಲಿ ಒಂದು ತಂತಿ ಕಾಗದ

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದು ಆಟೋದವರಿಗೆ ‘ಗೋಪನಕೊಪ್ಪ’ ಅಂದರೆ ಕೇಶ್ವಾಪುರ ದಾಟಿಸಿ ಬಿಡುತ್ತಾರೆ. ಅಜ್ಜನ ಕಾಲಕ್ಕೆ ಇದು ಬೇರೆಯದೇ ಒಂದು ಹಳ್ಳಿ. ಈಗ ಹುಬ್ಬಳ್ಳಿ ಬಂದು ಇದನ್ನು ನುಂಗಿದೆ. ಮಣ್ಣಿನ ಗೋಡೆಯ ಮನೆಗಳ ಪಕ್ಕದಲ್ಲೇ ಮೂರಂತಸ್ತಿನ ಕಟ್ಟಡಗಳು ಎದ್ದಿವೆ. ಆದರೂ ಓಣಿಯೊಳಗೆ ಕಾಲಿಟ್ಟರೆ ಕಟ್ಟೆ ಮೇಲೆ ಕೂತವರು ಯಾರಾದರೊಬ್ಬರು ‘ಯಾವಾಗ ಬಂದ್ಯೋ?’ ಅಂತ ಕೇಳಿಯೇ ಕೇಳುತ್ತಾರೆ.

ಈ ಸಲ ನಾನು ಹೋಗಿದ್ದು ಹಳೇ ಮನೆ ಕೆಡವುವ ಮುಂಚೆ ಸಾಮಾನು ಖಾಲಿ ಮಾಡಲು. ಅಟ್ಟದ ಮೇಲೆ ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅದರ ಹಿಂದೆ ಒಂದು ತಂತಿ. ಕೆಳಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಕೊಕ್ಕೆ, ನಡುವೆ ಚುಚ್ಚಿದ ನೂರಾರು ಕಾರ್ಡು, ಅಂತರ್ದೇಶಿ ಪತ್ರಗಳು. ಅಜ್ಜ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಬಂದ ಕಾಗದಕ್ಕೆ ಉತ್ತರ ಬರೆದ ಮೇಲೆ ತಂತಿಗೆ ಚುಚ್ಚುತ್ತಿದ್ದರಂತೆ. ಎಲ್ಲಕ್ಕಿಂತ ಹಳೆಯದು ಎಲ್ಲಕ್ಕಿಂತ ಕೆಳಗೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕಾ ಸ್ಟ್ಯಾಕ್.

ಕಾಕಾ ಒಮ್ಮೆ ಅದರ ಧೂಳು ಕೊಡವಿದರು. ‘ಇವನ್ನ ಓದವ್ರು ಯಾರೋ? ಬಚ್ಚಲ ಒಲಿಗೆ ಹಾಕಿದ್ರ ಒಂದ್ ಹಂಡೆ ನೀರರೆ ಕಾಯ್ತಾವ.’

ಒಂದು ತಿಂಗಳ ಹಿಂದಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆನೇನೋ. ಆದರೆ ನಡುವೆ ಒಂದು ಭಾನುವಾರ ಗೆಳೆಯನ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಸುತ್ತಿದ್ದೆ. ಅಲ್ಲಿನ ಏರೋನಾಟಿಕಲ್ ವಿಭಾಗದ ಕಟ್ಟಡ ಕಟ್ಟಿದವರು ಆಟೊ ಕೋನಿಗ್ಸ್‌ಬರ್ಗರ್ ಅಂದ ಗೆಳೆಯ. ಬರ್ಲಿನ್ನಿನ ಯಹೂದಿ. 1933ರಲ್ಲಿ ನಾಜಿಗಳು ಬಂದ ಮೇಲೆ ಕೆಲಸ ಹೋಯಿತು. ಈಜಿಪ್ಟಿನಲ್ಲಿ ಕೆಲ ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಪರಿಚಯದ ದಾರಿ ತೆರೆದದ್ದು ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. (ಸೋದರಮಾವನ ವಶೀಲಿ ನಮ್ಮೂರಲ್ಲಷ್ಟೇ ನಡೆಯೋದಲ್ಲ!)

ಬಾರ್ನ್ ಕೂಡ ಯಹೂದಿ ಮನೆತನದವರು, ಗಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡವರು. ಸಿ.ವಿ. ರಾಮನ್ ಕರೆದಿದ್ದಕ್ಕೆ 1935–36ರಲ್ಲಿ ಹೆಂಡತಿ ಹೆಡ್ವಿಗ್ ಜೊತೆ ಬೆಂಗಳೂರಿನಲ್ಲಿ ಕೆಲ ತಿಂಗಳಿದ್ದರು. ಇಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು.

ಬಾರ್ನ್ ಮತ್ತು ಐನ್‌ಸ್ಟೈನ್ 1916ರಿಂದ 1955ರವರೆಗೆ ಒಬ್ಬರಿಗೊಬ್ಬರು ಬರೆದ ಪತ್ರಗಳು ಪುಸ್ತಕವಾಗಿವೆ. ದೇವರು, ದಾಳದ ಆ ಪ್ರಸಿದ್ಧ ಮಾತು ಬಂದದ್ದೂ ಇವುಗಳಲ್ಲೊಂದರಿಂದ, 1926ರಲ್ಲಿ. ಇಂಗ್ಲಿಷಿಗೆ ತಂದವರು ಬಾರ್ನ್ ಮಗಳು ಐರೀನ್. ಆಕೆಯ ಮಗಳೇ ಗಾಯಕಿ ಒಲಿವಿಯಾ ನ್ಯೂಟನ್-ಜಾನ್. ಭೌತಶಾಸ್ತ್ರ ನನ್ನ ತಲೆ ಮೇಲಿಂದ ಹೋಯಿತು, ಸುಳ್ಳು ಯಾಕೆ ಹೇಳಲಿ. ನನ್ನನ್ನು ಹಿಡಿದದ್ದು ನಡುನಡುವೆ ಬರುವ ಮನೆಮಾತು. ಮಕ್ಕಳು ಹೇಗಿದ್ದಾರೆ, ಕೆಲಸ ಕಳೆದುಕೊಂಡ ಹುಡುಗರಿಗೆ ಎಲ್ಲಿ ಜಾಗ ಹುಡುಕೋಣ. ಆತ್ಮಕಥೆ ಬರೆಯುವವರಿಗೆ ಕೊನೆಗೆ ಏನಾಯಿತು ಅಂತ ಗೊತ್ತಿರುತ್ತದೆ. 1933ರಲ್ಲಿ ಪತ್ರ ಬರೆದವರಿಗೆ 1942 ಗೊತ್ತಿಲ್ಲ.

ಬಾರ್ನ್ ಅಂಥವರು ಪಾರಾದರು. ಪಾರಾಗದವರ ಕಡೆಯಿಂದ ಉಳಿದದ್ದು ಎಷ್ಟೋ ಸಲ ಒಂದು ಚೀಟಿ ಮಾತ್ರ. ಯುದ್ಧದಲ್ಲಿ ಅಂಚೆ ನಿಂತಾಗ ರೆಡ್‌ಕ್ರಾಸ್ ಫಾರಂ ಮೇಲೆ 25 ಪದ ಬರೆಯಬಹುದಿತ್ತು, ತಲುಪಲು ತಿಂಗಳುಗಟ್ಟಲೆ. ಫ್ರಾನ್ಸಿನಲ್ಲಿ ಶಿಬಿರಗಳತ್ತ ಹೊರಟ ರೈಲುಗಳಿಂದ ಜನ ಚೀಟಿ ಎಸೆದರು. ಹಳಿ ಪಕ್ಕ ಬಿದ್ದದ್ದನ್ನು ಎತ್ತಿ ಅಂಚೆಗೆ ಹಾಕಿದವರಲ್ಲಿ ರೈಲ್ವೆ ನೌಕರರೂ ಇದ್ದರು. ಇದನ್ನು ಓದುವಾಗ ಖಾಕಿ ಅಂಗಿಯ ಅಜ್ಜ ನೆನಪಾಗಿದ್ದರು.

ವಾರ್ಸಾದಲ್ಲಂತೂ ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಮತ್ತು ಸಂಗಡಿಗರು 1940ರಿಂದ ಗುಟ್ಟಾಗಿ ಎಲ್ಲವನ್ನೂ ಕೂಡಿಟ್ಟರು. ಪತ್ರ, ಡೈರಿ, ರೇಶನ್ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿ ಕಾಗದ ಕೂಡ. ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು, ಒಳಗೆ ನೀರು ಹೊಕ್ಕಿತ್ತು. ಕ್ಯಾನುಗಳು 1950ರಲ್ಲಿ. ಮೂರನೇ ಭಾಗ ಇವತ್ತಿಗೂ ಸಿಕ್ಕಿಲ್ಲ. ರಿಂಗೆಲ್‌ಬ್ಲಮ್‌ರನ್ನು 1944ರಲ್ಲಿ ಕೊಂದರು.

ನಮ್ಮ ತಂತಿಯಲ್ಲಿ ಅಂಥ ಸಂಕಟ ಏನೂ ಇಲ್ಲ, ಹೋಲಿಸುವುದೂ ತಪ್ಪು. ಇರೋದು ಹೆರಿಗೆ, ಸಾಲ, ಎಮ್ಮೆ. ಸೊಲ್ಲಾಪುರದಲ್ಲಿದ್ದ ಅಜ್ಜನ ತಂಗಿ 1972ರ ಬರಗಾಲದಲ್ಲಿ ಬರೆದ ಕಾರ್ಡಿನಲ್ಲಿ ರೇಶನ್ನಿನ ಕೆಂಪು ಜೋಳದ ರೊಟ್ಟಿ ಬಡಿಯಲಿಕ್ಕೆ ಬರೋದಿಲ್ಲ, ಮುರೀತಾವ ಅಂತ ಇದೆ. ಬರಗಾಲ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಮುರಿದ ರೊಟ್ಟಿಯಿಂದ.

ಇನ್ನೊಂದು ಮಾತು. ಅಪ್ಪ ತೀರಿಕೊಂಡ ವರ್ಷ ನಾನು ಫೋನ್ ಬದಲಿಸಿದೆ. ಬ್ಯಾಕಪ್ ಆಗಿದೆ ಅಂದುಕೊಂಡಿದ್ದೆ, ಆಗಿರಲಿಲ್ಲ. ಆರು ವರ್ಷದ ವಾಟ್ಸ್‌ಆಪ್ ಹೋಯಿತು. ಎಲ್ಲ ಬರೀ ‘ಊಟ ಆತೇನು?’, ‘ರೊಕ್ಕ ಹಾಕೇನಿ ನೋಡು’. ದಿನವೂ ಸರ್ವರ್ ಬ್ಯಾಕಪ್ ನೋಡಿಕೊಳ್ಳುವುದೇ ನನ್ನ ಕೆಲಸ.

ಕಾಕಾನ ಕೈಯಿಂದ ತಂತಿ ಇಸಕೊಂಡೆ. ಕಾಗದ ಎಳೆದರೆ ಹರಿಯುತ್ತವೆ, ತಂತಿ ಜಂಗು ಹಿಡಿದಿದೆ. ಪಕ್ಕಡ್‌ನಿಂದ ಕೊಕ್ಕೆ ಕತ್ತರಿಸಿ, ಒಂದೊಂದಾಗಿ ಮೇಲಕ್ಕೆ ತೆಗೆದೆ. ಲ್ಯಾಮಿನೇಷನ್ ಬೇಡ, ಟೇಪ್ ಬೇಡ. ಎರಡೂ ಕಾಗದವನ್ನು ಹಾಳು ಮಾಡುತ್ತವೆ. ಕಿಟಕಿ ಬೆಳಕಿನಲ್ಲಿ ಎರಡೂ ಬದಿ ಫೋಟೋ. ವಿಳಾಸದ ಬದಿ ಬಿಡಬಾರದು, ಎಷ್ಟೋ ಸಲ ತಾರೀಖು ಇರೋದು ಅಂಚೆ ಮುದ್ರೆಯಲ್ಲೇ. ಫೈಲ್ ಹೆಸರು: ವರ್ಷ, ಊರು, ಬರೆದವರು.

ಬರೆದವರು ಯಾರು ಅನ್ನೋದು ಮಾತ್ರ ಯಾವ ಆ್ಯಪ್‌ಗೂ ತಿಳಿಯಲಿಲ್ಲ. ‘ನಿಮ್ಮ ಶಾಂತವ್ವ’ ಅಂದರೆ ಯಾವ ಶಾಂತವ್ವ? ಸಂಜೆ ಹೊತ್ತಿಗೆ ಕಾಕಾ ಚಾಳೀಸು ಹಾಕಿಕೊಂಡು ಪಕ್ಕದಲ್ಲಿ ಕೂತರು. ‘ಇಕಿ ನಮ್ಮ ದೊಡ್ಡತ್ತಿ ನೆಗೆಣ್ಣಿ. ನನಗ ಶಾಲಿ ಫೀ ಕೊಟ್ಟಾಕಿ,’ ಅಂದರು. ಆಮೇಲೆ ಬಹಳ ಹೊತ್ತು ಆ ಕಾರ್ಡು ಕೆಳಗಿಡಲಿಲ್ಲ.

ತಂತಿಯ ತಳದಲ್ಲಿದ್ದ ಒಂದು ಕಾರ್ಡು ಮೋಡಿ ಲಿಪಿಯಲ್ಲಿದೆ. ಕಾಕಾಗೂ ಓದಲು ಬರುವುದಿಲ್ಲ. ಧಾರವಾಡದಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರಿದ್ದಾರೆ ಅಂತ ಓಣಿಯವರು ಹೇಳಿದ್ದಾರೆ. ಮುಂದಿನ ಶನಿವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ.