ಗಳಗನಾಥದಲ್ಲಿ ಒಂದು ಶೀಶಮಹಲು

ಹಾವೇರಿಯಿಂದ ಗುತ್ತಲದ ಮೇಲೆ ಹಾಯ್ದು ಹೋದರೆ ತುಂಗಭದ್ರೆಯ ದಂಡೆಯಲ್ಲಿ ಗಳಗನಾಥ ಎಂಬ ಸಣ್ಣ ಊರು ಸಿಗುತ್ತದೆ. ವರದಾ ನದಿ ತುಂಗಭದ್ರೆಯನ್ನು ಕೂಡುವುದು ಇಲ್ಲಿಯೇ. ಸಂಗಮದ ಹತ್ತಿರ ಗಳಗೇಶ್ವರನ ಗುಡಿ. 11ನೆಯ ಶತಮಾನದ್ದು, ಚಾಲುಕ್ಯರ ಕಾಲದ್ದು. ನಾನು ಎಷ್ಟೋ ಗುಡಿ ನೋಡಿದ್ದೇನೆ, ಆದರೆ ಬುಡ ಹೀಗಿರುವ ಗುಡಿ ನೋಡಿಲ್ಲ. ಗೋಡೆಯ ಕೆಳಭಾಗ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಅಗಲವಾಗುತ್ತ ಬಂದು, ಕಾಲು ಚಾಚಿ ಗಟ್ಟಿಯಾಗಿ ಕುಳಿತ ಹಿರಿಯರಂತೆ ಕಾಣುತ್ತದೆ. ಎದುರಿಗೇ ಹೊಳೆ ಇರುವಾಗ ಹಾಗೆ ಕೂತರೇ ಚೆಂದ.

ಈ ದೀಪಾವಳಿ ರಜೆಯಲ್ಲಿ ಮೊಮ್ಮಗಳು, ಮೊಮ್ಮಗ ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಲು ಕಾರಣ ಗುಡಿಯಲ್ಲ, ಒಂದು ಹಿಂದಿ ಸಿನಿಮಾ. ಹಿಂದಿನ ರಾತ್ರಿ ಟಿ.ವಿ.ಯಲ್ಲಿ 'ಮೊಘಲ್-ಎ-ಆಝಮ್' ಬಂದಿತ್ತು. ಹಳೆಯ ಸಿನಿಮಾ ಎಂದು ಮೂಗು ಮುರಿದ ಮಕ್ಕಳು ಮುಗಿಯುವತನಕ ಏಳಲಿಲ್ಲ. ಕೊನೆಗೆ ಏಳನೆಯ ತರಗತಿಯ ಮೊಮ್ಮಗಳು ಕೇಳಿದಳು: "ಅಜ್ಜಾ, ಇದೆಲ್ಲಾ ಖರೇನಾ?"

ಕೆ. ಆಸಿಫ್ ಎಂಬ ನಿರ್ದೇಶಕರು ಹತ್ತು ವರ್ಷಕ್ಕೂ ಮೇಲ್ಪಟ್ಟು ಹೆಣಗಿ ತೆಗೆದ ಚಿತ್ರ ಅದು. 1960ರ ಆಗಸ್ಟ್ 5ರಂದು ತೆರೆ ಕಂಡಿತು. ಖರ್ಚು ಸುಮಾರು ಒಂದೂವರೆ ಕೋಟಿ ಎನ್ನುತ್ತಾರೆ. ಒಂದು ತೊಲ ಬಂಗಾರ ಇನ್ನೂರು ರೂಪಾಯಿಯೊಳಗೆ ಸಿಗುತ್ತಿದ್ದ ಕಾಲದ ಒಂದೂವರೆ ಕೋಟಿ! (ಬ್ಯಾಂಕಿನಲ್ಲಿ ಜೀವ ಸವೆಸಿದವನು, ಮೊದಲು ಲೆಕ್ಕವೇ ಕಣ್ಣಿಗೆ ಬೀಳುತ್ತದೆ.) ಶೀಶಮಹಲಿಗೆ ಗಾಜು ಬೆಲ್ಜಿಯಂನಿಂದ ಬಂತು. ಬಹುಪಾಲು ಕಪ್ಪುಬಿಳುಪಿನ ಚಿತ್ರದಲ್ಲಿ ಆ ಹಾಡು ಬಣ್ಣದಲ್ಲಿ ಬರುತ್ತಿತ್ತು. ಇಡೀ ಚಿತ್ರಕ್ಕೆ ಬಣ್ಣ ಬಳಿದದ್ದು 2004ರಲ್ಲಿ. ಮಧುಬಾಲಾ ಕುಣಿದರೆ ಚಾವಣಿಯ ಒಂದೊಂದು ಕನ್ನಡಿಯಲ್ಲೂ ಒಬ್ಬೊಬ್ಬ ಅನಾರ್ಕಲಿ.

ನಾನು ಅದನ್ನು ಹಾವೇರಿಯಲ್ಲಿ ನೆಲದ ಟಿಕೀಟಿನಲ್ಲಿ ಕುಳಿತು ನೋಡಿದಾಗ ಇನ್ನೂ ಹೈಸ್ಕೂಲು. ಆ ಉರ್ದು ನಮಗ್ಯಾರಿಗೂ ಅರ್ಧಕ್ಕಿಂತ ಹೆಚ್ಚು ತಿಳಿಯಲಿಲ್ಲ. ಆದರೂ ಪಕ್ಕದಲ್ಲಿ ಕೂತಿದ್ದ ಹತ್ತಿ ಅಡತಿಯ ಹಮಾಲರೊಬ್ಬರು ಸೆರಗಿಲ್ಲದ್ದಕ್ಕೆ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರು ಅತ್ತದ್ದು ಕನ್ನಡಿ ನೋಡಿ ಅಲ್ಲ. ಮಗನ ಮೇಲೆ ದಂಡು ಕಟ್ಟಿಕೊಂಡು ಹೊರಟ ಅಪ್ಪ, ಗಂಡ-ಮಗನ ನಡುವೆ ಸಿಕ್ಕಿಬಿದ್ದ ತಾಯಿ, ಇವರನ್ನು ನೋಡಿ. ಅರಮನೆ ಎಷ್ಟು ದೊಡ್ಡದಾದರೂ ಒಳಗಿನ ಜಗಳ ನಮ್ಮ ಓಣಿಯದೇ. ಥಳಕು ನಮ್ಮನ್ನು ಬಾಗಿಲತನಕ ಕರೆದುಕೊಂಡು ಹೋಗುತ್ತದೆ. ಒಳಗೆ ಕೂರಿಸುವುದು ಈ ಜಗಳ.

ಇದೇ ಗುಟ್ಟನ್ನು ಗಳಗನಾಥದ ಒಬ್ಬ ಕನ್ನಡ ಶಾಲೆಯ ಮಾಸ್ತರು ಸಿನಿಮಾ ಮಾತಾಡಲು ಕಲಿಯುವ ಮೊದಲೇ ತಿಳಿದಿದ್ದರು. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ (1869-1942). ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು 'ಗಳಗನಾಥ'ರಾದರು. ಕನ್ನಡ ಕಾದಂಬರಿಯ ಪಿತಾಮಹ ಎಂದು ಕರೆಯುವುದು ಇವರನ್ನೇ. ಅವರ 'ಕನ್ನಡಿಗರ ಕರ್ಮಕಥೆ' ವಿಜಯನಗರ ಮುರಿದುಬಿದ್ದ ಕಥೆ. ಹರಿ ನಾರಾಯಣ ಆಪ್ಟೆಯವರ ಮರಾಠಿ 'ವಜ್ರಾಘಾತ'ವನ್ನು ಆಧರಿಸಿದ್ದು. ಅದರಲ್ಲಿ ರಾಮರಾಜನಿಗೂ ಮೆಹರ್ಜಾನಳಿಗೂ ಪ್ರೇಮ. ಕುಂಜವನವೆಂಬ ರಮ್ಯ ಸ್ಥಳ. ಅವಳನ್ನು ಕೈಬಿಟ್ಟ ಕರ್ಮ ಮುಂದೆ ರಣರಂಗಕ್ಕೆ ಬರುತ್ತದೆ. ಅಲ್ಲಿ ತಂದೆ ಒಂದು ಕಡೆ, ಮಗ ರಣಮಸ್ತಖಾನ ಇನ್ನೊಂದು ಕಡೆ. ಹೇಳಿ ಮಕ್ಕಳೇ, ಅಕ್ಬರ-ಸಲೀಮರ ಕಥೆಗೆ ಇದೇನು ಕಡಿಮೆ?

ಇವರ ಬಳಿ ಬೆಲ್ಜಿಯಂ ಗಾಜಿರಲಿಲ್ಲ. ಶಾಯಿ, ಕಾಗದ, ಅಷ್ಟೇ. ಮುಂಬಯಿ ಸರಕಾರದ ಆಡಳಿತದಲ್ಲಿದ್ದ ನಮ್ಮ ಕಡೆ ಆಗ ಮರಾಠಿಯದೇ ದರ್ಬಾರು. ಕಥೆ ಬೇಕಾದವರು ಮರಾಠಿ ಓದುತ್ತಿದ್ದರು. ಕನ್ನಡದಲ್ಲೂ ಅಂಥ ರುಚಿ ಸಿಗಲಿ ಎಂದು ಗಳಗನಾಥರು ಬರೆದರು. ಹತ್ತಿರದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ವಿಜಯನಗರವನ್ನು ಕಟ್ಟಿದ ಕಥೆಯಾದ 'ಮಾಧವ ಕರುಣಾ ವಿಲಾಸ' ಬಂದದ್ದು 1923ರಲ್ಲಿ. ಆ ದಪ್ಪ ಪುಸ್ತಕಗಳ ಗಂಟು ಎಷ್ಟು ಭಾರವೋ, ಹೊತ್ತವರಿಗೇ ಗೊತ್ತು.

ನಮ್ಮ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ನಾಲ್ಕಾರು ಹೆಣ್ಣುಮಕ್ಕಳು ಕೂತರೆ, ಓದು ಬಲ್ಲ ದೊಡ್ಡವ್ವ ಒಬ್ಬರು 'ಕರ್ಮಕಥೆ' ಓದಿ ಹೇಳುತ್ತಿದ್ದರಂತೆ. ಮೆಹರ್ಜಾನಳ ಪಾಡು ಕೇಳಿ ಅತ್ತದ್ದೋ, ಮೆಣಸಿನ ಘಾಟಿಗೆ ಅತ್ತದ್ದೋ ಹೇಳಲಾಗದು ಎಂದು ಅವ್ವ ನಗುತ್ತಿದ್ದಳು. ಹಾವೇರಿಯ ಗಡಿ ದಾಟದ ಅವಳು ವಿಜಯನಗರದ ಬಾಗಿಲು, ಕೊಳ, ಪಹರೆ ಎಲ್ಲವನ್ನೂ ಕಂಡವಳಂತೆ ವರ್ಣಿಸುತ್ತಿದ್ದಳು. ಅವಳ ಶೀಶಮಹಲು ಅದು.

ಇನ್ನು ಮೊಮ್ಮಗಳ ಪ್ರಶ್ನೆ. ಗುಡಿಯ ಕಟ್ಟೆಯ ಮೇಲೆ ಕೂತು ಜಮಾ-ಖರ್ಚಿನಂತೆ ಎರಡು ಕಲಮು ಮಾಡಿ ಹೇಳಿದೆ. ಅಕ್ಬರ ಖರೆ, ಸಲೀಂ ಅಪ್ಪನ ಮೇಲೆ ತಿರುಗಿಬಿದ್ದದ್ದೂ ಖರೆ. ಅನಾರ್ಕಲಿ ಅಕ್ಬರನಾಮದಲ್ಲೂ ಇಲ್ಲ, ಜಹಾಂಗೀರ ತಾನೇ ಬರೆದ ಆತ್ಮಕಥೆಯಲ್ಲೂ ಇಲ್ಲ. ರಾಮರಾಯ ಖರೆ, 1565ರ ಜನವರಿಯಲ್ಲಿ ರಕ್ಕಸತಂಗಡಗಿಯಲ್ಲಿ ಸತ್ತದ್ದು ಖರೆ. ಮೆಹರ್ಜಾನ ಕಥೆಗಾರರ ಮಗಳು. ಆ ಯುದ್ಧ ನಡೆದಾಗ ಅಕ್ಬರನಿಗೆ 22 ವರ್ಷ, ಸಲೀಂ ಇನ್ನೂ ಹುಟ್ಟಿಯೇ ಇರಲಿಲ್ಲ ಎಂದಾಗ ಇಬ್ಬರೂ ಬಾಯಿ ತೆರೆದರು. ದಿಲ್ಲಿಯ ಕಥೆಯೂ ಹಂಪಿಯ ಕಥೆಯೂ ಒಂದೇ ಕಾಲದವು ಎಂದು ಅವರಿಗೆ ಶಾಲೆಯಲ್ಲಿ ಹೊಳೆದಿರಲಿಲ್ಲ.

"ಹಂಗಾದ್ರ ಸುಳ್ಳಿಗ್ಯಾಕ ಅಳಬೇಕು?" ಎಂದ ಮೊಮ್ಮಗ. ಉತ್ತರ ಕೊಟ್ಟದ್ದು ನಾನಲ್ಲ, ಅವನ ಅಕ್ಕ. "ಸುಳ್ಳು ಹೆಸರು, ಖರೆ ಅಳು," ಎಂದಳು.

ಸಂಗಮದಲ್ಲಿ ನಿಂತು ಅವರಿಗೆ ನೀರು ತೋರಿಸಿದೆ. ಈ ವರದೆ ಹರಿದು ಬರುವುದು ಬನವಾಸಿಯ ಮಗ್ಗುಲಿನಿಂದ. ಕದಂಬರ ಮಯೂರನ ಊರು ಅದು. ದೇವುಡು ಅವನ ಮೇಲೆ ಕಾದಂಬರಿ ಬರೆದರು, 1975ರಲ್ಲಿ ಅದೇ ರಾಜಕುಮಾರ್ ಅವರ 'ಮಯೂರ' ಸಿನಿಮಾ ಆಯಿತು. ಇಲ್ಲಿಂದ ಮುಂದೆ ತುಂಗಭದ್ರೆ ಹೊಸಪೇಟೆಯ ಆಣೆಕಟ್ಟಿನಲ್ಲಿ ತಂಗಿ ಹಂಪಿಗೆ ಹೋಗುತ್ತದೆ. ಒಂದು ಸಾಮ್ರಾಜ್ಯದಿಂದ ಬಂದ ನೀರು ಇನ್ನೊಂದಕ್ಕೆ ಹೊರಟ ಜಾಗದಲ್ಲಿ ಹುಟ್ಟಿದ ಹುಡುಗ ಚರಿತ್ರೆಯ ಕಥೆ ಬರೆಯದೆ ಮತ್ತೇನು ಬರೆದಾನು?

ನೀವೂ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ, ಬುತ್ತಿ ಕಟ್ಟಿಕೊಳ್ಳಿ. ಗುತ್ತಲದ ಹತ್ತಿರ ಹೊಳೆಯ ದಂಡೆಗೇ ಚೌಡದಾನಪುರದ ಮುಕ್ತೇಶ್ವರ ಗುಡಿಯೂ ಇದೆ, ಬಿಡಬೇಡಿ. ಚೀಲದಲ್ಲಿ 'ಕರ್ಮಕಥೆ' ಇರಲಿ. ಅದರ ಕನ್ನಡ ಹಳೆಯದು. ಮಕ್ಕಳು ಒಬ್ಬರೇ ಓದಿದರೆ ಎರಡನೆಯ ಪುಟಕ್ಕೇ ಮುಚ್ಚಿಡುತ್ತಾರೆ. ಅಜ್ಜನೋ ಅಜ್ಜಿಯೋ ದನಿ ಎತ್ತಿ ಓದಬೇಕು, ಕಠಿಣ ಶಬ್ದ ಬಂದಲ್ಲಿ ಬಿಡಿಸಿ ಹೇಳಬೇಕು. ನಾನು ಕಟ್ಟೆಯ ಮೇಲೆ ಮೊದಲ ಅಧ್ಯಾಯ ಮುಗಿಸಿ ಪುಸ್ತಕ ಚೀಲಕ್ಕೆ ಹಾಕಿದ್ದೆ. ಎರಡನೆಯದನ್ನು ಗುತ್ತಲದ ಬಸ್ಸಿನಲ್ಲಿ, ಸೀಟು ಸಿಗದೆ, ಕಂಬಿ ಹಿಡಿದು ನಿಂತೇ ಓದಬೇಕಾಯಿತು.