ಕಡೆಯ ಮನೆಯ ನಳ

ಆಳಂದ ಬಸ್ಸಿನಿಂದ ಕಡಗಂಚಿಯಲ್ಲಿ ಇಳಿದು ಊರೊಳಗೆ ನಡೆಯಿರಿ. ಏಪ್ರಿಲ್ ಮುಂಜಾನೆ. ತೊಗರಿ ಕಟಾವಾದ ಎರೆ ಹೊಲಗಳು ಕೈ ಇಳಿಯುವಷ್ಟು ಬಿರುಕು ಬಿಟ್ಟಿವೆ. ಅಷ್ಟರಲ್ಲೇ ಓಣಿಯಿಂದ ಕೂಗು: "ನೀರ್ ಬಿಟ್ಟಾರ, ಜಲ್ದಿ ಬಾ ಯವ್ವಾ!"

ಕೊಡಗಳು ಬಡಿದಾಡುತ್ತ ಹೊರಬರುತ್ತವೆ. ನೀವು ಓಣಿಯ ಕಡೆಯ ಮನೆ ಮುಂದೆ ನಿಂತಿದ್ದೀರಿ. ಇಲ್ಲಿ ನಳ ಇರುವುದು ಕಟ್ಟೆಯ ಮೇಲಲ್ಲ, ಮೊಣಕಾಲುದ್ದದ ಗುಂಡಿಯಲ್ಲಿ. ಮೇಲಕ್ಕೆ ನೀರು ಏರುವುದಿಲ್ಲವೆಂದು ಮನೆಯವರೇ ನೆಲ ಅಗೆದು ಪೈಪು ಕತ್ತರಿಸಿದ್ದಾರೆ. ತಳದಲ್ಲಿ ಪಾಚಿಗಟ್ಟಿದ ನಿನ್ನೆಯ ನೀರು, ಗೇಣು ದೂರದಲ್ಲಿ ಗಟಾರ. ಮೊದಲು ಬಂದ ಕದಡಿದ ನೀರನ್ನು ಅಜ್ಜಿ ಹರಿಯಬಿಟ್ಟು, ಕೊಡದ ಬಾಯಿಗೆ ಎರಡು ಮಡಿಕೆ ಬಿಳಿ ಬಟ್ಟೆ ಕಟ್ಟುತ್ತಾಳೆ.

ಬಟ್ಟೆ ಕಸವನ್ನು ತಡೆದೀತು, ರೋಗವನ್ನಲ್ಲ. ಸರಬರಾಜು ನಿಂತಾಗ ಬರಿದಾಗುವ ಕೊಳವೆ ಗುಂಡಿಯ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವಾಗ ಜಾಯಿಂಟುಗಳೂ ಸಡಿಲಾಗುತ್ತವೆ.

ನೀರು ಪರೀಕ್ಷೆಯ ಪೆಟ್ಟಿಗೆ ಹಿಡಿದು ಹೆಣ್ಣುಮಗಳೊಬ್ಬಳು ಬರುತ್ತಾಳೆ. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಈ ಕೆಲಸ ಕಲಿಸಬೇಕೆಂಬುದು ಮನೆಗಳಿಗೆ ನಳದ ನೀರು ಕೊಡುವ ಜಲಜೀವನ ಮಿಷನ್‌ನ ನಿಯಮ. ಗಾಜಿನ ನಳಿಕೆಗೆ ನೀರು ತುಂಬಿ ದ್ರಾವಣ ಹನಿಸುತ್ತಾಳೆ. ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕಡೆಯ ನಳದಲ್ಲೂ ಉಳಿದಿರಬೇಕು. ನೀವು ಬಗ್ಗಿ ನೋಡುತ್ತೀರಿ. ಬಣ್ಣವೇ ಇಲ್ಲ.

"ಕಾಸಿ ಆರಿಸಿ ಕುಡೀರಿ, ಆಯಿ."

ಹಿತ್ತಿಲಲ್ಲಿ ಸಂಡಾಸವಿದೆ. ಬಾಗಿಲು ತೆರೆದರೆ ತೊಗರಿ ಕಟ್ಟಿಗೆಯ ಹೊರೆ. ಇಷ್ಟು ಪಾಡುಪಟ್ಟು ಹಿಡಿದ ನೀರನ್ನು ಅಲ್ಲಿ ಸುರಿಯಲು ಯಾರಿಗೆ ಮನಸ್ಸು ಬಂದೀತು? ನೀರು ಸಾಲದ ಮನೆಯಲ್ಲಿ ಶೌಚಾಲಯ ಉಗ್ರಾಣವಾಗುವುದು ಹೀಗೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', ತಲೆಗೆ ದಿನಕ್ಕೆ 55 ಲೀಟರ್ ಶುದ್ಧ ನೀರಿನ ಮಾತು ಕೊಟ್ಟಿದೆ. ನಳ ಕೂಡಿಸುವುದು ಒಮ್ಮೆಯ ಕೆಲಸ, ನೀರು ಕೊಡುವುದು ದಿನದ ಕೆಲಸ. ಈ ಗುಂಡಿ ಮುಚ್ಚಿ ನಳ ಮೇಲೆತ್ತಲು ಮೊಳದುದ್ದ ಪೈಪು, ಒಂದಿಷ್ಟು ಸಿಮೆಂಟು ಸಾಕು. ಆ ಎತ್ತರಕ್ಕೆ ನೀರು ಏರಬೇಕಾದರೆ ಮಾತ್ರ, ಮೇಲಿನ ಮನೆಗಳು ಕೊಳವೆಗೇ ಮೋಟರ್ ಹಚ್ಚಿ ಎಳೆಯುವುದು ನಿಲ್ಲಬೇಕು. ಪಾಳಿ ತಪ್ಪದೆ ವಾಲ್ವ್ ತಿರುಗಿಸುವ ನೀರುಗಂಟಿಗೆ ಪಗಾರ ವೇಳೆಗೆ ಸಿಗಬೇಕು. ಅದಕ್ಕಾಗಿ ನೀರಿನ ಕರ ಕಟ್ಟಬೇಕು, ಕಟ್ಟಿದ ಹಣದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳಬೇಕು. ಊರಿನ ನೀರು ಸರಿಯಿದೆಯೋ ಇಲ್ಲವೋ ಎಂಬುದನ್ನು ಟಾಕಿಯ ಬುಡದಲ್ಲಿ ನಿಂತು ಹೇಳಬಾರದು, ಈ ಕಡೆಯ ಮನೆಯ ನಳದ ಮುಂದೆ ನಿಂತು ಹೇಳಬೇಕು.